ಚೆಂದದ ರಾಕೆಟ್ ಯಾಕೆ ಲಾಗ ಹಾಕುತ್ತದೆ?

ಕಳೆದ ಸಂಚಿಕೆಯಲ್ಲಿ ಮನೆಯಲ್ಲೇ ಕಾಗದ ಸುತ್ತಿ ರಾಕೆಟ್ ಮಾಡೋದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ದಪ್ಪ ಕಾಗದದಲ್ಲಿ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಮಾಡಿ ಹಾರಿಸಬೇಕು ಅಂತ ಹಟ ಹಿಡಿದಿದ್ದಾಳೆ. ಶೋಕೇಸಿಗಲ್ಲ, ಹಾರಲೇಬೇಕಂತೆ. ನಾನು ಕತ್ತರಿ ಹಿಡಿದು ಇಪ್ಪತ್ತು ವರ್ಷವಾಯಿತು. ಎಲ್ಲಿಂದ ಶುರು ಮಾಡೋದು? (ತುಮಕೂರಿನ ಓದುಗರು)

ಪಿಎಸ್‌ಎಲ್‌ವಿಯಿಂದ ಮಾತ್ರ ಬೇಡ. ಮಗಳು ಮುಖ ಊದಿಸಿಕೊಳ್ಳುತ್ತಾಳೆ, ಗೊತ್ತು. ನಾನೂ ಅಲ್ಲಿಂದಲೇ ಶುರು ಮಾಡಿದವನು, ಹನ್ನೊಂದು ಸಂಜೆ ಕೂತು ಪಕ್ಕದ ಆರೂ ಬೂಸ್ಟರ್ (ದೊಡ್ಡದಕ್ಕೆ ಅಂಟಿಕೊಂಡ ಸಣ್ಣ ರಾಕೆಟ್) ಅಂಟಿಸಿ, ತ್ರಿವರ್ಣ ಬರೆದು, ಮನೆಯವರನ್ನೆಲ್ಲ ಟೆರೇಸಿಗೆ ಕರೆದು ಹಾರಿಸಿದರೆ ಅದು ಎರಡಾಳು ಎತ್ತರ ಹೋಗಿ, ಲಾಗ ಹಾಕಿ, ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿತ್ತು. ನೆನೆದ ಕಾಗದದ ರಾಕೆಟ್ ನೋಡಿದ್ದೀರಾ? ದೋಸೆ ಹಿಟ್ಟಿಗೆ ಬಿದ್ದ ಹಪ್ಪಳ.

ಅದು ಯಾಕೆ ಲಾಗ ಹಾಕಿತು ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ. ಮೊದಲು ಒಂದು ಪೆದ್ದು ರಾಕೆಟ್ ಮಾಡಿ. ಯಾವ ನಿಜವಾದ ರಾಕೆಟ್ಟಿನ ನಕಲೂ ಅಲ್ಲ. ಒಂದು ಕೊಳವೆ, ಒಂದು ಮೂತಿ, ಮೂರು ದೊಡ್ಡ ರೆಕ್ಕೆ. ಬೆಂಕಿ ಬೇಡ, ಗಾಳಿ ಸಾಕು. ಹೊರ ಅಡ್ಡಳತೆ 25 ಮಿಲಿಮೀಟರ್ ಇರುವ ಪಿವಿಸಿ ಪೈಪು, ಅದನ್ನು ಮೇಲಕ್ಕೆ ತಿರುಗಿಸೋಕೆ ಒಂದು ಪೈಪ್ ಬೆಂಡು (ಎಲ್ಬೋ), ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತನ್ನಿ. ಪೈಪಿನ ಒಂದು ತುದಿಗೆ ಬಾಟಲಿಯ ಬಾಯನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ. ಇನ್ನೊಂದು ತುದಿ ಆಕಾಶಕ್ಕೆ. ರಾಕೆಟ್ ಆ ತುದಿಗೆ ತೊಡಿಸಿ, ಬಾಟಲಿ ಮೇಲೆ ಧಡಾರಂತ ಕಾಲಿಡಿ. ಆಮೇಲೆ ಪೈಪಿನಲ್ಲಿ ಊದಿದರೆ ಬಾಟಲಿ ಮತ್ತೆ ಉಬ್ಬುತ್ತದೆ. ಮಕ್ಕಳು ಪೈಪಿನ ಮೇಲೆ ಬಗ್ಗಿ ನೋಡದ ಹಾಗೆ ನೋಡಿಕೊಳ್ಳಿ, ಮೂತಿ ಕಣ್ಣಿಗೆ ತಾಗಿದರೆ ಕಾಗದವೂ ಕಾಗದವಲ್ಲ.

ಈಗ ಕಾಗದ. ಝೆರಾಕ್ಸ್ ಅಂಗಡಿಯಲ್ಲಿ 200 ಜಿಎಸ್ಎಂ ಐವರಿ ಶೀಟ್ ಕೇಳಿ. ಚಾರ್ಟ್ ಶೀಟ್ ಕೂಡ ನಡೆಯುತ್ತದೆ. ಪ್ರತಿ ಹಾಳೆಗೂ ನಾರಿನ ದಿಕ್ಕು ಅಂತ ಒಂದಿರುತ್ತದೆ, ಹೊಸಬರು ಎಡವೋದು ಇಲ್ಲೇ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆ ಮೊಂಡು ಮಾಡುತ್ತದೆ. ಸಲೀಸಾಗಿ ಬಗ್ಗುವ ಕಡೆಯೇ ಸುತ್ತಬೇಕು. ಉಲ್ಟಾ ಸುತ್ತಿದರೆ ಕೊಳವೆ ದುಂಡಗೆ ಬರೋದಿಲ್ಲ, ಅಲ್ಲಲ್ಲಿ ಮುರಿದ ಗೆರೆ ಬೀಳುತ್ತದೆ, ಜೋಡಣೆ ಬಿಟ್ಟುಕೊಳ್ಳುತ್ತದೆ. ಸುತ್ತುವ ಮುಂಚೆ ಹಾಳೆಯನ್ನು ಮೇಜಿನ ಅಂಚಿಗೆ ಒತ್ತಿ ಎರಡು ಮೂರು ಸಲ ಎಳೆಯಿರಿ, ಅದೇ ಸುರುಳಿಯಾಗುತ್ತದೆ. ಪೈಪಿಗೇ ಸುತ್ತಿ, ಆದರೆ ನಡುವೆ ಒಂದು ಸುತ್ತು ಮಾಮೂಲಿ ಹಾಳೆ ಇಟ್ಟುಕೊಳ್ಳಿ. ಕೊನೆಗೆ ಅದನ್ನು ಎಳೆದು ತೆಗೆದರೆ ರಾಕೆಟ್ ಪೈಪಿನ ಮೇಲೆ ಆರಾಮಾಗಿ ಜಾರುತ್ತದೆ.

ಫೆವಿಕಾಲ್ ಜಾಸ್ತಿ ಸುರಿಯಬೇಡಿ. ಕಾಗದ ನೆನೆದು ಸುಕ್ಕಾಗುತ್ತದೆ. ಹಲ್ಲುಕಡ್ಡಿಯಲ್ಲಿ ತೆಳ್ಳಗೆ ಹಚ್ಚಿ, ಅರ್ಧ ನಿಮಿಷ ಬಿಟ್ಟು ಒತ್ತಿ. ಅಂಟಿನ ಅಂಚು ಕನಿಷ್ಠ 10 ಮಿಲಿಮೀಟರ್ ಇರಲಿ, ಒತ್ತಡ ಎಲ್ಲ ಬೀಳೋದು ಅಲ್ಲಿಗೇ.

ಮೂತಿಗೆ ಒಂದು ಸುಲಭದ ಲೆಕ್ಕ. ಕೊಳವೆಯ ಅಡ್ಡಳತೆಯ ಮೂರು ಪಟ್ಟು ಕೈವಾರದಲ್ಲಿ ಹಿಡಿದು ವೃತ್ತ ಬರೆಯಿರಿ, ಅದರಲ್ಲಿ 60 ಡಿಗ್ರಿಯ ತುಂಡು ಕತ್ತರಿಸಿ, ಪಕ್ಕದಲ್ಲಿ ಅಂಟಿಗೆ ಸ್ವಲ್ಪ ಜಾಗ ಬಿಡಿ. ಸುತ್ತಿದರೆ ಕೊಳವೆಗೆ ಸರಿಯಾಗಿ ಕೂರುವ ಶಂಕು ಬರುತ್ತದೆ. ಅಂಟಿಸುವ ಮುಂಚೆ ಕೊಳವೆಯ ಮೇಲಿನ ಬಾಯನ್ನು ದುಂಡನೆ ರಟ್ಟಿನ ಬಿಲ್ಲೆ ಇಟ್ಟು ಗಾಳಿ ಹೋಗದ ಹಾಗೆ ಮುಚ್ಚಲೇಬೇಕು. ಇಲ್ಲದಿದ್ದರೆ ಮೂತಿ ಮಾತ್ರ ಹಾರುತ್ತದೆ, ಉಳಿದದ್ದು ಪೈಪಿನ ಮೇಲೇ ಕೂತಿರುತ್ತದೆ.

ರೆಕ್ಕೆಗೆ ಎರಡು ಪದರ ಕಾಗದ ಅಂಟಿಸಿ, ದಪ್ಪ ಪುಸ್ತಕದ ಕೆಳಗೆ ರಾತ್ರಿಯಿಡೀ ಇಡಿ. ಮಡಿಸುವ ಗೆರೆಯನ್ನು ಇಂಕು ಮುಗಿದ ಬಾಲ್‌ಪೆನ್ನಿನಲ್ಲಿ ಗೀರಿಕೊಂಡರೆ ನೀಟಾಗಿ ಮಡಿಯುತ್ತದೆ.

ಇದು ಹತ್ತು ಸಲ ನೆಟ್ಟಗೆ ಹಾರಿದ ಮೇಲೆ ಪಿಎಸ್‌ಎಲ್‌ವಿಗೆ ಬನ್ನಿ. ನಿಜವಾದದ್ದು 44 ಮೀಟರ್ ಎತ್ತರ, ಮೊದಲ ಹಂತದ ಅಡ್ಡಳತೆ 2.8 ಮೀಟರ್. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ 44 ಸೆಂಟಿಮೀಟರ್ ಎತ್ತರ, 28 ಮಿಲಿಮೀಟರ್ ದಪ್ಪ. ನಿಮ್ಮ ಪೈಪಿಗೆ ಇದು ಸ್ವಲ್ಪ ದೊಗಳೆ. ಅದಕ್ಕೆ ಒಳಗೆ ಹಾರುವ ಕೊಳವೆ ಒಂದು, ಹೊರಗೆ ಚೆಂದದ ಕೊಳವೆ ಒಂದು, ನಡುವೆ ರಟ್ಟಿನ ಬಳೆಗಳು. ಬೂಸ್ಟರ್ ಅಂಟಿಸುವ ತಲೆನೋವು ಬೇಡವೆಂದರೆ ಒಂದು ಪ್ರಾಮಾಣಿಕ ಕಳ್ಳದಾರಿ ಇದೆ. 2007ರ ಏಪ್ರಿಲ್‌ನಲ್ಲಿ ಇಸ್ರೋ ಇಟಲಿಯ ಅಜಿಲೆ ಉಪಗ್ರಹವನ್ನು ಹಾರಿಸಿದ್ದು ಬೂಸ್ಟರೇ ಇಲ್ಲದ ಪಿಎಸ್‌ಎಲ್‌ವಿಯಲ್ಲಿ. ಮಗಳು "ಅಪ್ಪ, ಇದು ಅರ್ಧಂಬರ್ಧ" ಅಂದರೆ ಈ ಇಸವಿ ಹೇಳಿ.

ಪ್ರಶ್ನೆ: ನನ್ನ ಕಾಗದದ ರಾಕೆಟ್ ಹತ್ತಡಿ ಹೋಗಿ ಲಾಗ ಹಾಕುತ್ತದೆ. ನಿಜವಾದ ರಾಕೆಟ್ಟಿನ ಅಳತೆಯಲ್ಲೇ ಮಾಡಿದ್ದೇನೆ, ಒಂದು ಮಿಲಿಮೀಟರೂ ತಪ್ಪಿಲ್ಲ. ಆದರೂ ಯಾಕೆ? (ಹಾಸನದ ಓದುಗರು)

ಅಳತೆ ಸರಿ ಇರೋದರಿಂದಲೇ ಸ್ವಾಮಿ!

ದೀಪಾವಳಿ ರಾಕೆಟ್ಟಿಗೆ ಅಷ್ಟುದ್ದ ಕಡ್ಡಿ ಯಾಕೆ ಕಟ್ಟುತ್ತಾರೆ? ಬಾಟಲಿಯಲ್ಲಿ ನಿಲ್ಲಿಸೋಕೆ ಮಾತ್ರ ಅಲ್ಲ. ಕಡ್ಡಿ ಮುರಿದ ರಾಕೆಟ್ ಬೀದಿಯಲ್ಲಿ ಹೇಗೆ ಹಾವಿನ ಹಾಗೆ ಓಡಾಡುತ್ತದೆ ಅಂತ ಎಲ್ಲರೂ ನೋಡಿದ್ದೇವೆ. ತೂಕ ಮುಂದಿರಬೇಕು, ಗಾಳಿಗೆ ಸಿಕ್ಕುವ ಬಾಲ ಹಿಂದಿರಬೇಕು. ಆಗ ರಾಕೆಟ್ ಸ್ವಲ್ಪ ವಾಲಿದರೂ ಗಾಳಿ ಬಾಲವನ್ನು ತಳ್ಳಿ ಮತ್ತೆ ನೆಟ್ಟಗೆ ಮಾಡುತ್ತದೆ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳಿಗೂ ಕಬ್ಬಿಣದ ಕೊಳವೆಗೆ ಉದ್ದನೆ ಬಿದಿರು ಕಟ್ಟುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನ ಹಳೇ ಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆ ಸಿಕ್ಕವು.

ಪಿಎಸ್‌ಎಲ್‌ವಿಯಂಥ ದೊಡ್ಡ ರಾಕೆಟ್ಟಿಗೆ ಆ ಬಾಲ ಬೇಕಿಲ್ಲ. ಒಳಗೆ ಕಂಪ್ಯೂಟರ್ ಕೂತಿರುತ್ತದೆ. ಮೊದಲ ಹಂತದ ಬೆಂಕಿ ಹೊರಬರುವ ನಳಿಕೆಯೊಳಗೆ ಪಕ್ಕದಿಂದ ದ್ರವ ಚಿಮ್ಮಿಸಿ ಬೆಂಕಿಯನ್ನೇ ಒಂದು ಕಡೆಗೆ ವಾಲಿಸಿ ದಾರಿ ತಿದ್ದುತ್ತದೆ. ನಿಮ್ಮ ಕಾಗದದ ರಾಕೆಟ್ಟಿಗೆ ಆ ಬುದ್ಧಿ ಇಲ್ಲ. ಅದರ ಆಕಾರ ಮಾತ್ರ ಕದ್ದಿದ್ದೀರಿ, ತಲೆ ಅಲ್ಲೇ ಬಿಟ್ಟು ಬಂದಿದ್ದೀರಿ.

ಮಾಡೋದಿಷ್ಟು. ರಾಕೆಟ್ಟನ್ನು ಬೆರಳ ಮೇಲೆ ಅಡ್ಡಲಾಗಿ ಇಟ್ಟು ಎಲ್ಲಿ ತೂಗಿ ನಿಲ್ಲುತ್ತದೆ ನೋಡಿ, ಗುರುತು ಹಾಕಿ. ಅದು ತೂಕದ ಬಿಂದು. ಆಮೇಲೆ ರಾಕೆಟ್ಟನ್ನು ಪಕ್ಕದಿಂದ ನೋಡಿದ ಆಕಾರವನ್ನು, ರೆಕ್ಕೆ ಸಮೇತ, ರಟ್ಟಿನಲ್ಲಿ ಕತ್ತರಿಸಿ. ಆ ರಟ್ಟು ಸ್ಕೇಲಿನ ಅಂಚಿನ ಮೇಲೆ ಎಲ್ಲಿ ತೂಗುತ್ತದೋ ಅದು ಹೆಚ್ಚುಕಮ್ಮಿ ಗಾಳಿ ಒತ್ತುವ ಬಿಂದು. ತೂಕದ ಬಿಂದು ಅದಕ್ಕಿಂತ ಮುಂದಿರಬೇಕು, ಕನಿಷ್ಠ ಒಂದು ಕೊಳವೆಯ ದಪ್ಪದಷ್ಟಾದರೂ ಮುಂದೆ. ನಿಮ್ಮದರಲ್ಲಿ ಖಂಡಿತ ಇರಲಿಕ್ಕಿಲ್ಲ.

ಸರಿಪಡಿಸೋಕೆ ಎರಡು ದಾರಿ. ಮೂತಿಯೊಳಗೆ ಎಂ-ಸೀಲ್ ಉಂಡೆ ತುರುಕಿ ತೂಕ ಮುಂದಕ್ಕೆ ತನ್ನಿ. ಇಲ್ಲವೇ ಬುಡಕ್ಕೆ ರೆಕ್ಕೆ ಹಾಕಿ. ರೆಕ್ಕೆ ಹಾಕಿದರೆ ಅಂದ ಕೆಡುತ್ತದೆ ಅನ್ನೋರು ಹೊಸ ಶರ್ಟಿನ ಡಬ್ಬಿಯ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ಕನ್ನು ರೆಕ್ಕೆಯಾಗಿ ಕತ್ತರಿಸುತ್ತಾರೆ, ಐದಡಿ ದೂರಕ್ಕೆ ಕಾಣೋದೇ ಇಲ್ಲ. ನಾನು ಎರಡನ್ನೂ ಮಾಡುತ್ತೇನೆ. ಆಮೇಲೆ ತೂಕದ ಬಿಂದುವಿಗೆ ಎಂಟು ಹತ್ತಡಿ ದಾರ ಕಟ್ಟಿ ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಹಾರಿಸಿ. ಅಡ್ಡಡ್ಡ ತಿರುಗಿದರೆ ಇನ್ನೊಂದು ಚೂರು ಎಂ-ಸೀಲ್.

ನಕಲೇ ಮಾಡಬೇಕು, ರೆಕ್ಕೆಯೂ ಅಸಲಿಯೇ ಇರಬೇಕು ಅಂದರೆ ಇಸ್ರೋದ ಹಳೇ ರಾಕೆಟ್ ಎಸ್‌ಎಲ್‌ವಿ-3 ಆರಿಸಿಕೊಳ್ಳಿ. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಹೊತ್ತೊಯ್ದದ್ದು ಇದೇ. 22 ಮೀಟರ್ ಎತ್ತರ, 1 ಮೀಟರ್ ದಪ್ಪ, ಬುಡದಲ್ಲಿ ರೆಕ್ಕೆಗಳಿವೆ. ನಲವತ್ತರಲ್ಲಿ ಒಂದು ಪಾಲು ಮಾಡಿದರೆ 25 ಮಿಲಿಮೀಟರ್ ಕೊಳವೆ, 55 ಸೆಂಟಿಮೀಟರ್ ಎತ್ತರ. ಮೇಲಿನ ಹಂತಗಳು ಸಣ್ಣಗಾಗುವ ಕಡೆ ಅಂಟಿಸೋದು ತುಸು ಕಿರಿಕಿರಿ, ಆದರೆ ನೋಡೋಕೆ ಬಲು ಚೆಂದ. ಮೂತಿಗೆ ಎಂ-ಸೀಲ್ ಇದಕ್ಕೂ ಬೇಕು.

ಪ್ರಶ್ನೆ: ಗಾಳಿಯಲ್ಲಿ ಹಾರಿಸೋದು ಮಕ್ಕಳಾಟ. ಪಟಾಕಿ ರಾಕೆಟ್ ಬಿಚ್ಚಿ ಅದರ ಮದ್ದನ್ನು ನನ್ನ ಕಾಗದದ ರಾಕೆಟ್ಟಿಗೆ ತುಂಬಬಹುದಾ? (ಕಾಲೇಜು ವಿದ್ಯಾರ್ಥಿ, ಬಳ್ಳಾರಿ)

ಇಲ್ಲ. ಬೆರಳು ಹತ್ತೇ ಇರೋದು.

ಬೈಯುತ್ತಿಲ್ಲ, ಒಂದು ಕಥೆ ಹೇಳುತ್ತೇನೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಆರ್ವಿಲ್ ಕಾರ್ಲೈಲ್ ಅಂತ ಒಬ್ಬ ಚಪ್ಪಲಿ ಅಂಗಡಿಯವರಿದ್ದರು, ಪಟಾಕಿ ಹುಚ್ಚು. 1954ರಲ್ಲಿ ಅವರು ಕಾಗದದ ರಾಕೆಟ್ ಮಾಡಿದರು, ಉರಿದು ಮುಗಿದ ಮೋಟರನ್ನು, ಅಂದರೆ ಮದ್ದು ತುಂಬಿದ ಸಣ್ಣ ಕೊಳವೆಯನ್ನು, ತೆಗೆದು ಹೊಸದು ಹಾಕಬಹುದಿತ್ತು. 1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಹಾರಿತು. ಅಲ್ಲಿನ ಹುಡುಗರೆಲ್ಲ ಮನೆಯಲ್ಲಿ ಮದ್ದು ಅರೆದು, ಕಬ್ಬಿಣದ ಪೈಪಿಗೆ ತುಂಬಿ ಗಾಯ ಮಾಡಿಕೊಳ್ಳೋಕೆ ಶುರು ಮಾಡಿದರು. ಕಾರ್ಲೈಲ್ ಮತ್ತು ಹ್ಯಾರಿ ಸ್ಟೈನ್ ಅನ್ನುವ ರಾಕೆಟ್ ತಂತ್ರಜ್ಞ ಸೇರಿ ಇದಕ್ಕೊಂದು ದಾರಿ ಮಾಡಿದರು. ಮದ್ದು ತುಂಬೋದು ಕಾರ್ಖಾನೆ, ರಾಕೆಟ್ ಕಟ್ಟೋದು ನೀನು. ಆ ಹವ್ಯಾಸ ಹುಟ್ಟಿದ್ದೇ ನೀವು ಈಗ ಮಾಡಬೇಕು ಅಂತಿರೋದನ್ನು ತಪ್ಪಿಸೋಕೆ.

ನಮ್ಮಲ್ಲಂತೂ ಮದ್ದು ತಯಾರಿಕೆಗೆ ಲೈಸೆನ್ಸ್ ಬೇಕು, 1884ರ ಸ್ಫೋಟಕಗಳ ಕಾಯ್ದೆ ಇದೆ. ಬಾಟಲಿ ತುಳಿಯೋದು ಬೋರು ಅನ್ನಿಸಿದರೆ ಬಾಟಲಿಗೇ ಅರ್ಧಕ್ಕಿಂತ ಕಮ್ಮಿ ನೀರು ತುಂಬಿ ಸೈಕಲ್ ಪಂಪಿನಿಂದ ಗಾಳಿ ಹಾಕಿ ಹಾರಿಸುವ ನೀರಿನ ರಾಕೆಟ್ ಮಾಡಿ. ಅದಕ್ಕೆ ರೆಕ್ಕೆ, ಮೂತಿ ಕಾಗದದ್ದೇ. ನೆನೆಯುತ್ತೀರಿ, ಅಷ್ಟೇ.

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಗನ ಜೊತೆ ಕಾಗದದ ರಾಕೆಟ್ ಕಟ್ಟಿದ್ದೇವೆ. ಇಲ್ಲಿ ಅಂಗಡಿಯಲ್ಲೇ ಮೋಟರ್ ಸಿಗುತ್ತದೆ. ಪೊಟ್ಟಣದ ಮೇಲೆ ಎ8-3, ಸಿ6-5 ಅಂತೆಲ್ಲ ಇದೆ. ಯಾವುದು ತಗೊಳ್ಳೋದು?

ಅಕ್ಷರ ಅಂದರೆ ಒಟ್ಟು ಬಲ. ಎ ಅಂದರೆ ಹೆಚ್ಚೆಂದರೆ 2.5 ನ್ಯೂಟನ್-ಸೆಕೆಂಡು, ಬಿ ಅಂದರೆ 5, ಸಿ ಅಂದರೆ 10, ಹೀಗೆ ದುಪ್ಪಟ್ಟಾಗುತ್ತ ಹೋಗುತ್ತದೆ. ಮೊದಲ ಸಂಖ್ಯೆ ಸರಾಸರಿ ಎಷ್ಟು ನ್ಯೂಟನ್ ತಳ್ಳುತ್ತದೆ ಅನ್ನೋದು. ಕೊನೆಯದು, ಉರಿದು ಮುಗಿದ ಎಷ್ಟು ಸೆಕೆಂಡಿಗೆ ಒಳಗಿನ ಸಣ್ಣ ಮದ್ದು ಸಿಡಿದು ಮೂತಿ ಕಳಚಿ ಪ್ಯಾರಾಚೂಟ್ ಹೊರಗೆ ಬರುತ್ತದೆ ಅಂತ. ಕೊನೆಗೆ 0 ಇದ್ದರೆ ಮುಟ್ಟಬೇಡಿ, ಅದು ಎರಡು ಹಂತದ ರಾಕೆಟ್ಟಿನ ಕೆಳಗಿನ ಮೋಟರ್.

ಮೊದಲ ಸಲಕ್ಕೆ ಎ8-3. ಎಲ್ಲರೂ ಸಿ ಹಾಕಿ ಎತ್ತರಕ್ಕೆ ಕಳಿಸೋಣ ಅಂತಾರೆ, ಆಮೇಲೆ ಪಕ್ಕದ ಊರಲ್ಲಿ ಹುಡುಕುತ್ತಾರೆ. ರಾಕೆಟ್ ಭಾರ ಇದ್ದರೆ ಬಿ6-4. ಮೋಟರ್ ಹಾಕಿದ ಮೇಲೆ ಬುಡ ಭಾರವಾಗುತ್ತದೆ, ಆದ್ದರಿಂದ ದಾರದ ಪರೀಕ್ಷೆಯನ್ನು ಮೋಟರ್ ಸಮೇತ ಮಾಡಿ. ಪ್ಯಾರಾಚೂಟಿನ ಕೆಳಗೆ ಬೆಂಕಿ ಹತ್ತದ ವಾಡಿಂಗ್ ಕಾಗದ ತುರುಕೋದು ಮರೆಯಬೇಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿ ಉಂಡೆಯಾಗಿ ಬೀಳುತ್ತದೆ. ಕಿಡಿ ಹೊತ್ತಿಸೋದು ಬ್ಯಾಟರಿಯಿಂದಲೇ, 5 ಮೀಟರ್ ದೂರದಿಂದ. ಹೊತ್ತದಿದ್ದರೆ ಬ್ಯಾಟರಿ ಸ್ವಿಚ್ಚಿನ ಕೀ ತೆಗೆದು ಒಂದು ನಿಮಿಷ ಕಾಯಿರಿ. ಒಣ ಹುಲ್ಲಿನ ಬಯಲು ಬೇಡ. ಹತ್ತಿರದಲ್ಲಿ ಕ್ಲಬ್ ಇದ್ದರೆ ಮೊದಲು ಅವರ ಜೊತೆ ಹಾರಿಸಿ, ಅಲ್ಲಿನ ಅಜ್ಜಂದಿರಿಗೆ ನನಗಿಂತ ಜಾಸ್ತಿ ಗೊತ್ತು.

ಪ್ರಶ್ನೆ: ಶಾಲೆಯ ಮಕ್ಕಳ ರಾಕೆಟ್ ಎಷ್ಟು ಎತ್ತರ ಹೋಯಿತು ಅಂತ ಅಳೆಯೋದು ಹೇಗೆ? (ಧಾರವಾಡದ ಶಿಕ್ಷಕಿ)

ಮೇಡಂ, ಕೋನಮಾಪಕದ ನಡುವಿಗೆ ದಾರ, ದಾರಕ್ಕೆ ಒಂದು ನಟ್ಟು ಕಟ್ಟಿ. ಹಾರಿಸುವ ಜಾಗದಿಂದ 30 ಮೀಟರ್ ದೂರ ಒಬ್ಬ ಹುಡುಗ ನಿಂತು ಅದರ ನೇರ ಅಂಚಿನಿಂದ ರಾಕೆಟ್ ಏರಿದ ತುತ್ತತುದಿ ನೋಡಿ ದಾರವನ್ನು ಬೆರಳಿನಿಂದ ಒತ್ತಿ ಹಿಡಿಯಲಿ. ದಾರ ತೋರಿಸುವ ಡಿಗ್ರಿಯನ್ನು 90ರಿಂದ ಕಳೆಯಿರಿ. 30 ಡಿಗ್ರಿ ಬಂದರೆ 17 ಮೀಟರ್, 45 ಬಂದರೆ 30 ಮೀಟರ್, 60 ಬಂದರೆ 52. ಹುಡುಗನ ಕಣ್ಣಿನ ಎತ್ತರ ಸೇರಿಸಿ. ತ್ರಿಕೋನಮಿತಿ ಯಾಕೆ ಕಲೀಬೇಕು ಅಂತ ಆ ದಿನ ಯಾರೂ ಕೇಳಲ್ಲ.

ಪ್ರಶ್ನೆ: ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದ ನಕ್ಷೆಯ ಭಾಗಗಳು ಒಂದಕ್ಕೊಂದು ಕೂರುತ್ತಿಲ್ಲ. ಬಣ್ಣವೂ ಕಲಸಿಹೋಯಿತು. (ಉಡುಪಿ)

ಪ್ರಿಂಟ್ ತೆಗೆಯುವಾಗ ಹಾಳೆಗೆ ಹೊಂದಿಸು ಅನ್ನುವ ಗುಂಡಿ ಒತ್ತಿರುತ್ತೀರಿ. ಎಲ್ಲ ಹಾಳೆಯನ್ನೂ ನೂರಕ್ಕೆ ನೂರು ಅಳತೆಯಲ್ಲೇ ತೆಗೆಸಿ. ಬಣ್ಣ ಕಲಸಿದ್ದರೆ ಅದು ಇಂಕ್‌ಜೆಟ್, ಅಂಟಿನ ನೀರಿಗೆ ಕರಗುತ್ತದೆ. ಲೇಸರ್ ಪ್ರಿಂಟ್ ಕೇಳಿ. ಕತ್ತರಿಸಿದ ಬಿಳಿ ಅಂಚಿಗೆ ಅದೇ ಬಣ್ಣದ ಸ್ಕೆಚ್ ಪೆನ್ ಎಳೆಯಿರಿ, ಅಂಟಿಸುವ ಮುಂಚೆ.

ಪ್ರಶ್ನೆ: ಮಳೆಗಾಲದಲ್ಲಿ ಹಾರಿಸಬಹುದಾ? (ಆಗುಂಬೆ)

ಆಗುಂಬೆಯವರು ಕೇಳಬೇಕಾದ ಪ್ರಶ್ನೆಯೇ ಇದು! ಈಗ ಕೂತು ಕಟ್ಟಿ, ಅಕ್ಕಿ ಡಬ್ಬದ ಪಕ್ಕ ಒಣಗಿದ ಜಾಗದಲ್ಲಿಡಿ, ದಸರಾ ರಜೆಯಲ್ಲಿ ಹಾರಿಸಿ.