ಡಯಾಲಿಸಿಸ್ ರೋಗಿಯ ನಡಿಗೆ ಮತ್ತು ಮನೆಯವರ ಭಯ: ಒಂದು ಆಪ್ತಸಲಹೆ ಪ್ರಕರಣ

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರು ಮೈ ಬಗ್ಗಿಸದಿರಲು ಸೋಮಾರಿತನವೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಡ್ಡಿ ಬಹಳ ಸಲ ಮನೆಯವರ ಅಕ್ಕರೆಯಲ್ಲಿರುತ್ತದೆ, ಮತ್ತು ಇಂಥ ಮನೆಗಳು ನನ್ನಲ್ಲಿಗೆ ಬರುತ್ತಲೇ ಇವೆ. ಗದಗ-ಬೆಟಗೇರಿಯ ನೇಕಾರ ಮನೆತನದ ಈ ತಾಯಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಮಾತು ನಿಲ್ಲಿಸಿದ್ದಾರೆಂದು ಮಗ ಸೊಸೆ ಕರೆತಂದಿದ್ದರು.

ಎರಡನೆಯ ಭೇಟಿಯಲ್ಲಿ, ದಿನವಿಡೀ ಏನು ಮಾಡುತ್ತೀರೆಂದು ತಾಯಿಯನ್ನು ಕೇಳಿದರೆ ಉತ್ತರಿಸಿದ್ದು ಮಗ: “ಏನೂ ಮಾಡಗೊಡೂದಿಲ್ರಿ, ನಡದ್ರ ಕ್ರಿಯಾಟಿನಿನ್ ಏರತೈತಂತ.” (ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ವಸ್ತು.) ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಆಗ ಬಾಯಿ ಬಿಟ್ಟರು: “ಡಯಾಲಿಸಿಸ್ ದಿನ ಮಷೀನ್ ದುಡೀತೈತ್ರಿ ಅಕ್ಕಾರ, ಉಳಿದ ದಿನ ಸೊಸಿ ದುಡೀತಾಳ. ನಾ ಯಾತಕ್ಕ ಅದೀನ್ರಿ?” ಸೊಸೆ ಕಣ್ಣೊರೆಸಿಕೊಂಡಳು. ಮಗನಿಗೆ ಸಿಟ್ಟು ಬಂತು, ಅದು ಭಯದ ಸಿಟ್ಟು.

ಆದ್ದರಿಂದ ನಾನು ತಿಳಿವಳಿಕೆ ಹೇಳಿದ್ದು ತಾಯಿಗಲ್ಲ, ಮಗನಿಗೆ. ಕ್ರಿಯಾಟಿನಿನ್ ಸ್ನಾಯುಗಳಿಂದಲೇ ಹುಟ್ಟುವ ವಸ್ತುವಾದ್ದರಿಂದ ಕಠಿಣ ಶ್ರಮದ ನಂತರ ಅದು ಕೊಂಚ ಏರಬಹುದು, ಆದರೆ ಸಾಧಾರಣ ನಡಿಗೆಯಿಂದ ಮೂತ್ರಪಿಂಡ ಸವೆಯುವುದಿಲ್ಲ. ಕೂತಲ್ಲೇ ಕೂತರೆ ಸ್ನಾಯು ಮಾತ್ರ ಖಂಡಿತ ಕರಗುತ್ತದೆ. ಸುಸ್ತು ಸುಳ್ಳಲ್ಲ, ಈ ಕಾಯಿಲೆಯಲ್ಲಿ ರಕ್ತಹೀನತೆ ಸಾಮಾನ್ಯ. ಹೀಗಾಗಿ ಹಿಮೋಗ್ಲೋಬಿನ್, ಬಿಪಿ ತೋರಿಸಿ ಮೂತ್ರಪಿಂಡ ತಜ್ಞರ ಒಪ್ಪಿಗೆ ಪಡೆದ ಮೇಲೆಯೇ ಮುಂದಿನ ಮಾತು ಎಂದೆ. ಆಪ್ತಸಲಹೆಗಾರರಿಗೆ ವ್ಯಾಯಾಮದ ಉಸಾಬರಿ ಏಕೆಂದು ಕೇಳುವ ಸಹೋದ್ಯೋಗಿಗಳಿಗೂ ನನ್ನ ಉತ್ತರ ಇದೇ: ಎಷ್ಟು ನಡೆಯಬೇಕೆಂಬುದು ವೈದ್ಯರ ಮಾತು, ನಡೆಯಲು ಮನೆಯಲ್ಲಿ ಯಾರು ಬಿಡುತ್ತಿಲ್ಲ ಎಂಬುದು ನನ್ನ ಕೆಲಸ.

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯ ಕುರಿತ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು, ಇಲ್ಲವೇ ಹೃದಯ ಮತ್ತು ಮೈ ತಾಳುವಷ್ಟನ್ನು ಹೇಳುತ್ತದೆ. ಎರಡನೆಯ ಅರ್ಧವನ್ನು ಜನ ಮರೆಯುತ್ತಾರೆ. ಹೆದರಿದ ಮನೆಗೆ 150 ಎಂದರೆ ಬೆಟ್ಟ ಹತ್ತಿದಂತೆ, ಆದ್ದರಿಂದ ಆ ಲೆಕ್ಕವನ್ನು ಬೇಕೆಂದೇ ಹೇಳಲಿಲ್ಲ. ವೈದ್ಯರು ಒಪ್ಪಿದ ಮೇಲೆ, ಡಯಾಲಿಸಿಸ್ ಇಲ್ಲದ ದಿನ ಬಿಸಿಲೇರುವ ಮೊದಲು ಓಣಿಯ ಗುಡಿಯವರೆಗೆ ನಡಿಗೆ, ಕುರ್ಚಿಯಿಂದ ಕೆಲವು ಸಲ ಎದ್ದು ಕೂರುವುದು, ಮತ್ತು ಮನೆಮುಂದಿನ ರಂಗೋಲಿ ಇನ್ನು ಅತ್ತೆಯದೇ ಎಂದು ಗೊತ್ತುಮಾಡಿದೆವು. ರಂಗೋಲಿಯ ವಿಷಯಕ್ಕೆ ಮಗ ಕೊನೆಯವರೆಗೂ ಪೂರ್ತಿ ಒಪ್ಪಲಿಲ್ಲ, ಆದರೆ ತಡೆಯುವುದಿಲ್ಲ ಎಂದ.

ಸೊಸೆಗೆ ಕೊಟ್ಟ ಎಚ್ಚರಿಕೆಗಳು ಬೇರೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಶಸ್ತ್ರಚಿಕಿತ್ಸೆಯಿಂದ ಮಾಡಿದ ರಕ್ತನಾಳಗಳ ಜೋಡಣೆ) ಇರುವ ಕೈಯಲ್ಲಿ ಕೊಡ ಎತ್ತಿಸಬಾರದು. ಎದೆನೋವು, ಏದುಸಿರು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮೊಣಕಾಲು ನೋವೆಂದು ಔಷಧಿ ಅಂಗಡಿಯ ಗುಳಿಗೆ ತಂದುಕೊಡಬಾರದು, ನಡೆದು ದಣಿದರೆಂದು ಎಳನೀರನ್ನಂತೂ ಕೊಡಲೇಬಾರದು, ಏಕೆಂದರೆ ಅದರಲ್ಲಿರುವ ಪೊಟ್ಯಾಷಿಯಂ ಇವರ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು.