ಬೆಳಿಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಇನ್ನೊಂದು!

ಪ್ರಶ್ನೆ: ಸರ್, ನಮ್ಮ ಹೊಲದ ಬೋರ್‌ವೆಲ್ ನೀರನ್ನು ಕಾಲೇಜಿನ ಲ್ಯಾಬ್‌ನ ಕಂಡಕ್ಟಿವಿಟಿ ಮೀಟರ್‌ನಲ್ಲಿ ನೋಡಿದೆ. ಬೆಳಿಗ್ಗೆ 1645 ಮೈಕ್ರೋಸೀಮೆನ್ಸ್ ಬಂತು. ಅದೇ ಬಾಟಲಿಯ ನೀರು ಮಧ್ಯಾಹ್ನ 1990 ತೋರಿಸಿತು. ಮೀಟರ್ ಕೆಟ್ಟಿದೆಯಾ? ಈ ನೀರು ಬೆಳೆಗೆ ಆಗುತ್ತಾ ಎಂದು ಅಪ್ಪ ಬೇರೆ ಕೇಳುತ್ತಿದ್ದಾರೆ.
— ಬಿ.ಎಸ್ಸಿ. ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಪಾಪ, ಮೀಟರ್‌ನ ತಪ್ಪೇನೂ ಇಲ್ಲ ಅನಿಸುತ್ತೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನಷ್ಟೇ ಅದು ಅಳೆಯುವುದು. ಎರಡು ಸಲವೂ ನೀರಿಗೆ ಥರ್ಮಾಮೀಟರ್ ಹಾಕಿ ನೋಡಿದ್ದಿರಾ? ನೀರು ಬಿಸಿಯಾದಂತೆ ಅದರೊಳಗಿನ ಉಪ್ಪಿನ ಅಯಾನುಗಳು, ಅಂದರೆ ವಿದ್ಯುತ್ ಹೊರುವ ಕಣಗಳು, ಚುರುಕಾಗಿ ಓಡಾಡುತ್ತವೆ. ರೀಡಿಂಗ್ ಡಿಗ್ರಿಗೆ ಸುಮಾರು ಶೇ 2ರಷ್ಟು ಏರುತ್ತದೆ. ಬೆಳಿಗ್ಗೆ 22 ಡಿಗ್ರಿ, ಮಧ್ಯಾಹ್ನ 32 ಇದ್ದಿದ್ದರೆ ನಿಮ್ಮ ಲೆಕ್ಕ ಸರಿಹೋಗುತ್ತದೆ. ಎರಡನ್ನೂ 25 ಡಿಗ್ರಿಗೆ ತಂದರೆ ಹತ್ತಿರ ಹತ್ತಿರ 1750. ಮೀಟರ್‌ನಲ್ಲಿ ಟೆಂಪರೇಚರ್ ನಾಬ್ ಇದ್ದರೆ ನೀರಿನ ಉಷ್ಣತೆಗೆ ತಿರುಗಿಸಿಟ್ಟು ನೋಡಿ.

ಆದರೂ ಅನುಮಾನವೇ? 0.746 ಗ್ರಾಂ ಒಣ ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. 25 ಡಿಗ್ರಿಯಲ್ಲಿ ಅದು 1413 ತೋರಿಸಬೇಕು. ತೋರಿಸದಿದ್ದರೆ ಮೀಟರ್‌ನಲ್ಲಿ ಸೆಲ್ ಕಾನ್‌ಸ್ಟೆಂಟ್ (ನೀರಿಗೆ ಅದ್ದುವ ಭಾಗವಾದ ಸೆಲ್‌ನ ಅಳತೆಗೆ ತಕ್ಕ ಗುಣಕ) ಸರಿಮಾಡಿ. ಸೆಲ್ ಅದ್ದಿದ ಮೇಲೆ ಎರಡು ಸಲ ಮೇಲೆ ಕೆಳಗೆ ಆಡಿಸುವುದನ್ನು ಮರೆಯಬೇಡಿ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ರೀಡಿಂಗ್ ಕಡಿಮೆ ಬರುತ್ತದೆ.

ಇನ್ನೊಂದು ಮಾತು. ಸೆಲ್‌ನೊಳಗಿನ ಎರಡು ಪುಟ್ಟ ಪ್ಲಾಟಿನಂ ತಗಡುಗಳು ಮಸಿ ಬಳಿದಂತೆ ಕಪ್ಪಗಿದ್ದರೆ ದಯವಿಟ್ಟು ಮುಟ್ಟಬೇಡಿ. ನಾನು ಲ್ಯಾಬ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಕೊಳೆ ಅಂದುಕೊಂಡಿದ್ದೆ. ಕಡ್ಡಿಗೆ ಹತ್ತಿ ಸುತ್ತಿ, ಕೂತು ತಿಕ್ಕಿ, ಬೆಳ್ಳಿ ಲೋಟದ ಹಾಗೆ ಫಳಫಳ ಮಾಡಿದೆ. ಶಹಬ್ಬಾಸ್ ಅಂತಾರೆ ಅಂತ ಮೇಷ್ಟ್ರ ಮುಂದೆ ಹಿಡಿದರೆ ಅವರು ತಲೆ ಮೇಲೆ ಕೈ ಹೊತ್ತು ಕೂತರು! ಅದು ಪ್ಲಾಟಿನಂ ಬ್ಲ್ಯಾಕ್, ಬೇಕೆಂದೇ ಹಾಕಿದ ಲೇಪ. ಅದರ ಒರಟು ಮೈಯಿಂದಲೇ ರೀಡಿಂಗ್ ಸರಿಯಾಗಿ ಬರುವುದು. ಕೆಲಸ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ, ಅದರಲ್ಲೇ ಅದ್ದಿಡಿ. ಒರೆಸುವ ಉಸಾಬರಿ ಬೇಡ.

ಇನ್ನು ಅಪ್ಪನ ಪ್ರಶ್ನೆ. ಸೆಂಟಿಮೀಟರಿಗೆ 1750 ಮೈಕ್ರೋಸೀಮೆನ್ಸ್ ಅಂದರೆ ಮಣ್ಣು ಪರೀಕ್ಷೆಯವರ ಲೆಕ್ಕದಲ್ಲಿ ಒಂದು ಮೀಟರ್ ಉದ್ದಕ್ಕೆ 1.75 ಡೆಸಿಸೀಮೆನ್ಸ್. ಹತ್ತಿ ಇದನ್ನು ಆರಾಮಾಗಿ ತಡೆಯುತ್ತದೆ. ಹುರುಳಿಕಾಯಿಗೆ ಉಪ್ಪು ಜಾಸ್ತಿಯಾಯಿತು. ಆದರೆ ಈ ಮೀಟರ್ ಉಪ್ಪು ಎಷ್ಟಿದೆ ಅನ್ನುತ್ತದೆ, ಯಾವ ಉಪ್ಪು ಅನ್ನುವುದಿಲ್ಲ. ಸೋಡಿಯಂ ಜಾಸ್ತಿ ಇದ್ದರೆ ಕಪ್ಪು ಮಣ್ಣು ಗಟ್ಟಿಯಾಗಿ ನೀರು ಕೆಳಗಿಳಿಯುವುದೇ ಇಲ್ಲ. ಸವಳು ಜಮೀನಿನ ಕಷ್ಟ ನಿಮ್ಮ ಕಡೆಯವರಿಗೆ ನಾನೇನು ಹೇಳುವುದು, ಅಲ್ವಾ? ಅದೇ ನೀರಿನ ಒಂದು ಬಾಟಲಿ ಮಣ್ಣು-ನೀರು ಪರೀಕ್ಷೆಗೆ ಕೊಟ್ಟು, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರನ್ನೂ ನೋಡಿಸಿ. ಅಲ್ಲಿಯವರೆಗೆ ಅಪ್ಪನಿಗೆ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ.