ಅಂಕದಲ್ಲಿ ಇಬ್ಬರೂ ಸಮ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ಹೈಸ್ಕೂಲೊಂದರಲ್ಲಿ ಹನ್ನೆರಡನೇ ತರಗತಿಯ ಹುಡುಗಿ. ಗುರುತು ಸಿಗದಂತೆ ವಿವರ ಬದಲಿಸಲಾಗಿದೆ. ಅವಳಿಗೂ ಗೆಳತಿಗೂ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1520, ಜಿಪಿಎ (ಶಾಲೆಯ ಸರಾಸರಿ ಅಂಕ) ಹೆಚ್ಚುಕಮ್ಮಿ ಒಂದೇ, ಇಬ್ಬರ ಅರ್ಜಿಯೂ ಸೀಟು ಸಿಗುವುದು ಕಷ್ಟವಿರುವ ಒಂದೇ ಕಾಲೇಜಿಗೆ. "ಇನ್ನೊಮ್ಮೆ ಪರೀಕ್ಷೆ ಬರೆದು 30 ಅಂಕ ಹೆಚ್ಚು ತಂದರೆ ಸೀಟು ನನಗೇ ಅಲ್ವಾ?" ಎಂಬುದು ಅವಳ ಪ್ರಶ್ನೆ.

ಹಾಗೇನಿಲ್ಲ. ಇಂಥ ಕಾಲೇಜುಗಳು ಅಂಕ ನೋಡುವುದು ಅಲ್ಲಿನ ಓದನ್ನು ಇವಳು ನಿಭಾಯಿಸಬಲ್ಲಳೇ ಎಂದು ತಿಳಿಯಲು. ಅದು ಖಾತ್ರಿಯಾದ ಮೇಲೆ 1520ಕ್ಕೂ 1550ಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಅರ್ಜಿ ಓದುವ ಅಧಿಕಾರಿ ಶಾಲೆಯ ಪ್ರೊಫೈಲ್ (ತನ್ನ ಕೋರ್ಸುಗಳ ಬಗ್ಗೆ ಶಾಲೆಯೇ ಕಳಿಸುವ ಪರಿಚಯ) ಪಕ್ಕದಲ್ಲಿಟ್ಟುಕೊಂಡು, ಅಲ್ಲಿ ಸಿಗುವ ಕಠಿಣ ಕೋರ್ಸುಗಳಲ್ಲಿ ಎಷ್ಟನ್ನು ತೆಗೆದುಕೊಂಡಿದ್ದಾಳೆ ಎಂದು ನೋಡುತ್ತಾರೆ. ಅಲ್ಲೂ ಸಮವಾದರೆ ಶಿಫಾರಸು ಪತ್ರ, ಪ್ರಬಂಧ, ಚಟುವಟಿಕೆಗಳ ಪಟ್ಟಿ. ಕೊನೆಗೆ ಕಾಲೇಜಿನ ಸ್ವಂತ ಅಗತ್ಯಗಳು: ಯಾವ ವಿಭಾಗಕ್ಕೆ ವಿದ್ಯಾರ್ಥಿಗಳು ಸಾಲದು, ವಾದ್ಯವೃಂದಕ್ಕೆ ಯಾರು ಬೇಕು. ಇದು ಅರ್ಜಿದಾರರ ಕೈಯಲ್ಲಿಲ್ಲ. ಹಾಗಾಗಿ ಗೆಳತಿಗೆ ಸಿಕ್ಕಿ ಇವಳಿಗೆ ಸಿಗದಿದ್ದರೆ ಅದನ್ನು ಮಗಳ ಕೊರತೆ ಎಂದು ತಿಳಿಯಬಾರದೆಂದು ತಂದೆತಾಯಿಗೆ ಒತ್ತಿ ಹೇಳಿದೆವು.

ತೊಡಕಿದ್ದದ್ದು ಚಟುವಟಿಕೆಗಳ ಪಟ್ಟಿಯಲ್ಲಿ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ನಮೂನೆಯಾದ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆಗಳಿಗೆ ಜಾಗ, ಒಂದೊಂದರ ವಿವರಣೆಗೆ ಖಾಲಿ ಜಾಗವೂ ಸೇರಿ 150 ಅಕ್ಷರ. ಅವಳು ಹತ್ತನ್ನೂ ತುಂಬಿದ್ದಳು, ಆರರಲ್ಲಿ ಬರೀ 'ಸದಸ್ಯೆ'. ರೊಬೊಟಿಕ್ಸ್ ಕ್ಲಬ್ಬಿನ ಮುಂದೆ "ತಂಡದಲ್ಲಿ ಉತ್ಸಾಹದಿಂದ ದುಡಿದೆ". ಕೆದಕಿ ಕೇಳಿದರೆ, ರೋಬಾಟಿನ ವೈರಿಂಗೆಲ್ಲ ಅವಳದೇ. ಸ್ಪರ್ಧೆಯ ನಡುವೆ ಕನೆಕ್ಟರ್ ಸಡಿಲವಾಗುತ್ತಿತ್ತೆಂದು ತಪಾಸಣೆಯ ಚೆಕ್‌ಲಿಸ್ಟ್ ಮಾಡಿದ್ದಾಳೆ, ಕಿರಿಯರು ಈಗಲೂ ಅದನ್ನೇ ಬಳಸುತ್ತಾರೆ. ಬರೆಯಬೇಕಾದದ್ದು ಇದನ್ನು! ವಾರಕ್ಕೆ 12 ಗಂಟೆ ತಮ್ಮನನ್ನು ನೋಡಿಕೊಳ್ಳುವುದನ್ನು "ಅದು ಮನೆಕೆಲಸ" ಎಂದು ಬಿಟ್ಟೇಬಿಟ್ಟಿದ್ದಳು. ಮನೆಯ ಜವಾಬ್ದಾರಿಗೆ ಅರ್ಜಿಯಲ್ಲೇ ಪ್ರತ್ಯೇಕ ವಿಭಾಗವಿದೆ. ಅದನ್ನು ಬರೆಯದಿದ್ದರೆ ಸಂಜೆಯ ಕ್ಲಬ್ಬುಗಳು ಯಾಕೆ ಕಡಿಮೆ ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ.

ಕೊಟ್ಟ ಸಲಹೆ: ಮರುಪರೀಕ್ಷೆ ಬೇಡ. ಹೆಸರಿಗಷ್ಟೇ ಇರುವ ಕ್ಲಬ್ಬುಗಳನ್ನು ತೆಗೆ, ಜಾಗ ಖಾಲಿ ಉಳಿದರೂ ಚಿಂತೆಯಿಲ್ಲ. ಹನ್ನೊಂದರಲ್ಲಿ ಪಾಠ ಮಾಡಿದ ಭೌತಶಾಸ್ತ್ರ ಶಿಕ್ಷಕರಲ್ಲಿ ಶಿಫಾರಸು ಕೇಳು. ಯಾವ ಪ್ರಯೋಗ ಕೈಕೊಟ್ಟಿತು, ಹೇಗೆ ಸರಿಪಡಿಸಿದೆ ಎಂಬುದನ್ನು ಅವರಿಗೆ ಒಂದು ಪುಟದಲ್ಲಿ ಬರೆದುಕೊಡು. "ಶ್ರಮಜೀವಿ, ವಿನಯವಂತೆ" ಎನ್ನುವ ಪತ್ರ ಗೆಳತಿಗೂ ಒಪ್ಪುತ್ತದೆ. 650 ಪದಗಳ ಪ್ರಬಂಧದಲ್ಲಿ ರೋಬಾಟಿನ ಕಥೆ ಮತ್ತೆ ಬೇಡ. ಕಾಲೇಜು ತನ್ನ ಬಗ್ಗೆ ಪ್ರಕಟಿಸುವ ಅಂಕಿಅಂಶಗಳ ದಾಖಲೆಯಾದ ಕಾಮನ್ ಡೇಟಾ ಸೆಟ್‌ನಲ್ಲಿ ಸಿ7 ಕೋಷ್ಟಕ ನೋಡು, ಪ್ರವೇಶಕ್ಕೆ ಯಾವುದು ಬಹಳ ಮುಖ್ಯ, ಯಾವುದನ್ನು ಪರಿಗಣಿಸುವುದಿಲ್ಲ ಎಂದು ಅವರೇ ಗುರುತು ಹಾಕಿರುತ್ತಾರೆ. ಅರ್ಲಿ ಡಿಸಿಷನ್ ಎಂದರೆ ಮುಂಚಿತವಾಗಿ ಅರ್ಜಿ ಹಾಕಿ, ಸೀಟು ಸಿಕ್ಕರೆ ಸೇರುತ್ತೇನೆಂಬ ಕರಾರು. ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಖರ್ಚಿನ ಅಂದಾಜು ಹಾಕಿ, ಅಪ್ಪ ಅಮ್ಮ ಒಪ್ಪಿದ ಮೇಲಷ್ಟೇ ಸಹಿ ಮಾಡು.